ಎದುರಿನಿಂದ ಹೊಡೆದ ನೀರು

ನನ್ನ ಹೆಂಡತಿ ಕಾರು ಓಡಿಸುವುದನ್ನು ಬಿಟ್ಟದ್ದು ನನ್ನಿಂದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳಿಗೆ ಮೊಣಕಾಲು ನೋವು, ಕಣ್ಣು ಮಂಜು, ಹೊಸಪೇಟೆಯಲ್ಲಿ ಈಗ ಗಾಡಿಗಳ ಕಾಟ ಹೆಚ್ಚು ಎಂದು ಬಂದ ನೆಂಟರಿಗೆಲ್ಲ ನಾನೇ ಒಂದೊಂದು ಕಾರಣ ಹೇಳುತ್ತ ಬಂದಿದ್ದೇನೆ. ಒಂದೂ ನಿಜವಲ್ಲ. ಅವಳ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ.

ಗಣಿಯ ಗದ್ದಲ ಜೋರಾಗಿದ್ದ ವರ್ಷಗಳವು. ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಅವಳು ಸಂಡೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳಬಹುದಿತ್ತು, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಕಂಡಕ್ಟರೂ ಹೇಳುತ್ತಿರಲಿಲ್ಲ. ಅದಿರು ಹೊತ್ತ ಲಾರಿಗಳು ಒಂದರ ಹಿಂದೊಂದು ಮೈಲಿಗಟ್ಟಲೆ ನಿಂತಿರುತ್ತಿದ್ದವು. ಸಂಜೆ ಮನೆಗೆ ಬಂದಾಗ ಅವಳ ಸೀರೆಯ ಅಂಚು, ರೆಪ್ಪೆ, ಊಟದ ಡಬ್ಬಿಯ ಮುಚ್ಚಳ ಎಲ್ಲವೂ ಕೆಂಪು. ಮೊದಲು ಮುಖ ತೊಳೆದು, ಆಮೇಲೆ ಮಾತು.

ಮನೆಯಲ್ಲಿ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಡ್ಯಾಮಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರರೊಬ್ಬರಿಂದ ಕೊಂಡದ್ದು. ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಸ್ಕೂಟರಿನಲ್ಲಿ. ಕಾರು ಹೊರಗೆ ಬರುತ್ತಿದ್ದದ್ದು ಭಾನುವಾರ ಮಾತ್ರ, ಹಂಪಿಗೋ ಕಂಪ್ಲಿಗೋ. ಒಂದು ದಿನ ಅವಳು, "ಆರು ದಿನ ಸುಮ್ಮನ ನಿಂತಿರ್ತದಲ್ರಿ ಇದು. ನಾ ಕಲೀಲೇನು?" ಅಂದಳು. ಅವಳಿಗಾಗ ನಲವತ್ತೊಂದು. ನಾನು ನಕ್ಕೆ. ನನ್ನ ಮೂಗಿನ ಮೇಲಿನ ಸಿಟ್ಟು ಅವಳಿಗೆ ಗೊತ್ತಿದ್ದರಿಂದ ನನ್ನ ಹತ್ತಿರ ಕಲಿಯುವ ಗೊಡವೆಗೆ ಹೋಗಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಹೋಗಿ, ಒಂದೇ ಸಲಕ್ಕೆ ಲೈಸೆನ್ಸ್ ತಂದು ನನ್ನ ಮೇಜಿನ ಮೇಲಿಟ್ಟಳು.

ಅವಳ ಶಾಲೆಯ ಇನ್ನಿಬ್ಬರು ಟೀಚರುಗಳು ನಮ್ಮ ಓಣಿಯ ಆಚೆಗೇ ಇದ್ದರು. ಮೂವರೂ ಕಾರಿನಲ್ಲಿ ಹೋಗತೊಡಗಿದರು. ಆ ಮಳೆಗಾಲ ನನ್ನ ಹೆಂಡತಿ ಹೇಗಿದ್ದಳು ಎಂಬುದು ಈಗಲೂ ನೆನಪಿದೆ. ಬೆಳಿಗ್ಗೆ ಗಡಿಬಿಡಿಯಿಲ್ಲದೆ ತಲೆ ಬಾಚಿಕೊಳ್ಳುತ್ತಿದ್ದಳು. ಹಾರ್ನ್ ಹೊಡೆಯದೆ ಅವರ ಮನೆ ಮುಂದೆ ನಿಲ್ಲಿಸಿ ಕಾಯುತ್ತಿದ್ದಳು. ಗೇರ್ ಬದಲಿಸುವಾಗ ಅವಳ ಬಳೆಗಳ ಸದ್ದು ಓಣಿಯ ತಿರುವಿನವರೆಗೂ ಕೇಳುತ್ತಿತ್ತು. ಸಂಜೆ ಬರುವಾಗ ದಾರಿಯಲ್ಲಿ ಪೇರಲ ಹಣ್ಣು ಕೊಂಡು, ಕಾರಿನಲ್ಲೇ ಅರ್ಧ ತಿಂದು, ನನಗೆಂದು ಎರಡು ಉಳಿಸಿ ತರುತ್ತಿದ್ದಳು.

ಇನ್ನು ನನ್ನ ಕಥೆ. ನಮ್ಮ ಮನೆಯಲ್ಲಿ ಮಡಿ ಮೈಲಿಗೆ ಅಜ್ಜಿಯ ಕಾಲಕ್ಕೇ ಮುಗಿದಿತ್ತು. ನಾನು ಅದನ್ನು ಕಾರಿಗೆ ಮತ್ತೆ ಶುರು ಮಾಡಿದೆ. ಕೆಂಪು ಧೂಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಪಂಚೆ ಎತ್ತಿ ಕಟ್ಟಿ, ನಲ್ಲಿಗೆ ಪೈಪು ಸಿಕ್ಕಿಸಿ ಕಾರು ತೊಳೆಯುವುದು ನನ್ನ ನೇಮವಾಯಿತು. ನಾನೊಬ್ಬನೇ ಅಲ್ಲ, ಆಗ ಹೊಸಪೇಟೆಯಲ್ಲಿ ಗಾಡಿ ಇದ್ದ ಮರ್ಯಾದಸ್ಥರೆಲ್ಲ ಬೆಳಿಗ್ಗೆ ಇದೇ ಕೆಲಸದಲ್ಲಿರುತ್ತಿದ್ದರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಚಿಮ್ಮುತ್ತದೆ. ಮೊದಲು ಕಾರಿನ ಮುಂಭಾಗದ ಜಾಲರಿಗೇ ಗುರಿಯಿಟ್ಟು ಹೊಡೆಯುತ್ತಿದ್ದೆ. ಕೆಳಗಿನಿಂದ ಕೆಂಪು ನೀರು ಇಳಿಯುವುದನ್ನು ನೋಡಿ, ಕೊಳೆ ಹೋಯಿತಲ್ಲ ಎಂದು ನೆಮ್ಮದಿಯಾಗುತ್ತಿತ್ತು. ಅದಾಗಿ ಅರ್ಧ ಗಂಟೆಗೆ ಅವಳು ಕಾರು ತೆಗೆದುಕೊಂಡು ಹೊರಡುತ್ತಿದ್ದಳು.

ಮಳೆ ನಿಂತ ಮೇಲೆ ತೊಂದರೆ ಶುರುವಾಯಿತು. "ಇವತ್ತ ಮುಳ್ಳು ಮ್ಯಾಲೇರಿತ್ರಿ," ಎಂದು ಒಂದು ಸಂಜೆ ಹೇಳಿದಳು. ಮುಳ್ಳು ಅಂದರೆ ಎಂಜಿನಿನ ಬಿಸಿ ತೋರಿಸುವ ಮುಳ್ಳು. ಮಾರನೆಯ ವಾರ ಮತ್ತೆ. ಆಮೇಲೆ ವಾರಕ್ಕೆ ಎರಡು ಸಲ. ನನಗೆ ಒಳಗೊಳಗೇ ಖುಷಿಯಾಯಿತೆಂದರೆ ಸುಳ್ಳಲ್ಲ. ಹುಡುಗರಿಗೆ ಇಪ್ಪತ್ತು ವರ್ಷ ಹೇಳುತ್ತ ಬಂದ ಮಾತು ನನ್ನದು: ಊಹೆ ಮಾಡಬೇಡಿ, ಒಂದೊಂದನ್ನೇ ಪರೀಕ್ಷಿಸಿ, ಬರೆದಿಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆ.

ರೇಡಿಯೇಟರಿನ ಮುಚ್ಚಳದ ರಬ್ಬರು ಸವೆದಿತ್ತು, ಹೊಸದು ಹಾಕಿಸಿದೆ. ಫ್ಯಾನ್ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದೆ, ಬಿಗಿ ಸರಿಯಿತ್ತು. ನೀರಿನ ಪಂಪು ಸೋರುತ್ತಿರಲಿಲ್ಲ. ಎಂಜಿನ್ ಆಯಿಲಿಗೆ ನೀರು ಸೇರಿದರೆ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ, ಅದೂ ಇರಲಿಲ್ಲ. ಥರ್ಮೋಸ್ಟಾಟ್ ಎಂಬ ಒಂದು ಸಣ್ಣ ವಾಲ್ವ್ ಇರುತ್ತದೆ, ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವಂಥದ್ದು. ಊರಿನ ಮೆಕ್ಯಾನಿಕ್ಕುಗಳು ಅದನ್ನು ಕಿತ್ತು ಬಿಸಾಡಿಬಿಡುತ್ತಾರೆ. ನಾನು ಹಾಗೆ ಮಾಡುವವನಲ್ಲ. ಕಾಲೇಜಿನ ಲ್ಯಾಬಿನಿಂದ ಥರ್ಮಾಮೀಟರ್ ತಂದು, ಆ ವಾಲ್ವನ್ನು ಒಲೆಯ ಮೇಲೆ ಹಾಲಿನ ಪಾತ್ರೆಯಲ್ಲಿ ಕುದಿಸಿದೆ. ಎಂಬತ್ತೆರಡು ಡಿಗ್ರಿಗೆ ಸರಿಯಾಗಿ ಬಾಯಿ ತೆರೆಯಿತು. "ನಾ ಇನ್ನ ಆ ಪಾತ್ರಿಯೊಳಗ ಹಾಲು ಕಾಸೂದಿಲ್ಲ ನೋಡ್ರಿ," ಅಂದಳು ನನ್ನ ಹೆಂಡತಿ. ರೇಡಿಯೇಟರಿನ ಒಳಗೆ ವಾಷಿಂಗ್ ಸೋಡಾ ಹಾಕಿ ತುಕ್ಕಿನ ನೀರು ಹೋಗುವವರೆಗೂ ತೊಳೆದೆ. ಇಷ್ಟಾದರೂ ಸಂಡೂರಿನ ದಾರಿಯಲ್ಲಿ ಮುಳ್ಳು ಏರುವುದು ನಿಲ್ಲಲಿಲ್ಲ.

ಆಗ ನನಗೊಂದು ವಿಷಯ ಹೊಳೆಯಿತು. ಹೊಳೆಯಿತು ಎಂದೇ ಆಗ ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಕಂಪ್ಲಿಗೆ ನಾನೇ ಓಡಿಸಿಕೊಂಡು ಹೋಗಿದ್ದೆ. ಕಾಲುವೆಯ ಪಕ್ಕದ ರಸ್ತೆ, ಎರಡೂ ಕಡೆ ಭತ್ತದ ಗದ್ದೆ, ತಂಪು ಗಾಳಿ. ಹೋಗಿ ಬಂದರೂ ಮುಳ್ಳು ನಡುವಿನಿಂದ ಅಲುಗಲಿಲ್ಲ. ಮುಂದಿನ ಭಾನುವಾರ ಹಂಪಿ, ಅಲ್ಲೂ ಅಷ್ಟೇ. ಸೋಮವಾರ ಅವಳು ತೆಗೆದುಕೊಂಡು ಹೋದರೆ ಬಿಸಿ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಗೀಚಿ ಒಂದರ ತಲೆಗೆ 'ನಾನು', ಇನ್ನೊಂದರ ತಲೆಗೆ 'ಅವಳು' ಎಂದು ಬರೆದೆ. ನನ್ನ ಸಾಲಿನಲ್ಲಿ ಒಂದೂ ತಪ್ಪಿಲ್ಲ.

ಅದನ್ನು ಅವಳಿಗೆ ತೋರಿಸಿದೆ. ಅವಳು ಎರಡೂ ಸಾಲು ಓದಿ ನೋಡಿ, "ಲಾರಿ ಸಾಲಿನೊಳಗ ನಿಂತಾಗಷ್ಟ ಹಿಂಗಾಗ್ತದ್ರಿ. ಗಾಡಿ ಓಡೂ ಮುಂದ ಏನೂ ಆಗೂದಿಲ್ಲ. ನೀವು ಒಂದು ದಿನ ನನ್ನ ಜೋಡಿ ಬಂದು ನೋಡ್ರಿ," ಅಂದಳು.

"ನನಗ ಕ್ಲಾಸ್ ಇರ್ತಾವ," ಅಂದೆ ನಾನು.

ಸರಿಯಾದ ಪರೀಕ್ಷೆ ಯಾವುದು ಎಂದು ಹೇಳಿದ್ದು ಸಮಾಜ ವಿಜ್ಞಾನದ ಟೀಚರು. ಭೌತಶಾಸ್ತ್ರದ ಮೇಷ್ಟ್ರಿಗೆ ಪುರುಸೊತ್ತಿರಲಿಲ್ಲ. ಒಂದು ದಿನ ರಜೆ ಹಾಕಿ ಅವಳ ಪಕ್ಕದಲ್ಲಿ ಕೂತು ಹೋಗಿದ್ದರೆ ಮುಗಿಯುತ್ತಿತ್ತು.

ದೀಪಾವಳಿ ಕಳೆದ ವಾರ, ಮಧ್ಯಾಹ್ನ, ಕಾಲೇಜಿನ ಆಫೀಸಿಗೆ ಅವಳ ಫೋನ್ ಬಂತು. ಶಾಲೆ ಬೇಗ ಬಿಟ್ಟಿತ್ತಂತೆ. ಸಂಡೂರು ದಾಟಿ ಸ್ವಲ್ಪ ದೂರದಲ್ಲಿ ಕಾರು ಹೊಗೆಯಾಡಿ ನಿಂತಿದೆ, ನೀರು ಪೂರಾ ಉಕ್ಕಿ ಹೋಗಿದೆ. ನಾನು ಕ್ಯಾನಿನಲ್ಲಿ ನೀರು ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟು ಏರುತ್ತಲೇ ಇತ್ತು. ನಾನು ಮುಟ್ಟುವ ಹೊತ್ತಿಗೆ ಎರಡು ತಾಸಾಗಿತ್ತು. ಎಂಜಿನ್ ಆರಿತ್ತು, ಅಷ್ಟರಲ್ಲಿ ಲಾರಿಗಳ ಸಾಲೂ ಕರಗಿತ್ತು. ಮೂವರು ಹೆಂಗಸರು ಎಲೆಯೆಲ್ಲ ಕೆಂಪಾದ ಒಂದು ಬೇವಿನ ಮರದ ಕೆಳಗೆ ಕೂತಿದ್ದರು. ಅವಳು ಎದ್ದು ಬಂದು ಏನೋ ಹೇಳಲು ಹೊರಟಳು. ನಾನು ಕೈಚಾಚಿ ಕೀಲಿಕೈ ಕೇಳಿದೆ.

ನೀರು ತುಂಬಿ ನಾನೇ ಓಡಿಸಿದೆ. ಸಂಜೆಯಾಗಿ ಗಾಳಿ ತಂಪಾಗಿತ್ತು, ರಸ್ತೆ ಖಾಲಿಯಿತ್ತು, ಇಳಿಜಾರು ಬೇರೆ. ಮುಳ್ಳು ನಡುವಿನಲ್ಲೇ ನಿಂತಿತು. ನಿಲ್ಲದೆ ಏನು ಮಾಡುತ್ತದೆ? ಊರು ಹತ್ತಿರವಾದಾಗ ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನು ನೋಡುತ್ತ, ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ: "ನೋಡ್ರಿ ಟೀಚರ್, ಗಾಡಿ ಅದ, ರಸ್ತಿ ಅದ. ಗಾಡಿಗೆ ಏನೂ ರೋಗ ಇಲ್ಲ. ಇಕಿ ಅರ್ಧ ಕ್ಲಚ್ಚಿನ ಮ್ಯಾಲ ಕಾಲಿಟ್ಟು ಎಂಜಿನ್ ಜೀವಾ ತಿಂತಾಳ. ಗಾಡಿ ಪಾಪ ಏನು ಮಾಡ್ಬೇಕು?"

ಒಬ್ಬರು ಮುಜುಗರಕ್ಕೆ ಸಣ್ಣದಾಗಿ ನಕ್ಕರು. ಇನ್ನೊಬ್ಬರು ಕಿಟಕಿಯ ಹೊರಗೆ ನೋಡಿದರು. ನನ್ನ ಹೆಂಡತಿ ಪಕ್ಕದಲ್ಲಿ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಕಾರು ತೊಳೆಯುತ್ತಿದ್ದೆ. ಅವಳು ಡಬ್ಬಿ ಹಿಡಿದು ಕಾರಿನ ಪಕ್ಕದಿಂದಲೇ ನಡೆದು ಬಸ್ ನಿಲ್ದಾಣದ ಕಡೆ ಹೋದಳು. "ಯಾಕ, ಕಾರು?" ಎಂದು ಕೂಗಿ ಕೇಳಿದೆ. ತಿರುಗಿ ನಿಂತು, "ನನ್ನ ಕಾಲು ಸರಿ ಇಲ್ಲ ಅಂದಮ್ಯಾಲ ಇನ್ನೊಬ್ಬರ ಮನಿ ಹೆಣ್ಣಮಕ್ಕಳನ್ನ ಯಾಕ ಕೂಡಿಸ್ಕೊಂಡು ಹೋಗ್ಲಿ?" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಜಗಳಾಡಿ ಸರಿ ಮಾಡಿಕೊಳ್ಳುತ್ತಿದ್ದೆ. ಎರಡು ದಿನ ಬಿಟ್ಟು ತಾನೇ ಕೀಲಿಕೈ ಕೇಳುತ್ತಾಳೆ ಎಂದುಕೊಂಡು ಸುಮ್ಮನಾದೆ.

ಅವಳು ಕೇಳಲಿಲ್ಲ. ಮಾರ್ಚ್ ತಿಂಗಳಲ್ಲಿ ನನಗೆ ಸಂಡೂರಿನಲ್ಲಿ ಪರೀಕ್ಷೆಯ ಡ್ಯೂಟಿ ಬಿತ್ತು. ಬಿಳಿ ಅಂಗಿ ಹಾಕಿಕೊಂಡು ಜಬರ್‌ದಸ್ತಾಗಿ ಕಾರಿನಲ್ಲಿ ಹೊರಟೆ. ಅರ್ಧ ದಾರಿಯಲ್ಲಿ ಲಾರಿಗಳ ಸಾಲು ಸಿಕ್ಕಿತು. ಹತ್ತು ಹೆಜ್ಜೆ ಮುಂದೆ, ಹತ್ತು ನಿಮಿಷ ನಿಲ್ಲು. ಮುಳ್ಳು ಏರತೊಡಗಿತು. ನನ್ನ ಎಡಗಾಲು ಕ್ಲಚ್ಚಿನಿಂದ ದೂರವೇ ಇತ್ತು, ಬೇಕೆಂದೇ ದೂರ ಇಟ್ಟಿದ್ದೆ. ಆದರೂ ಏರಿತು. ಕೊನೆಗೆ ಮುಂಭಾಗದಿಂದ ಬುಸ್ಸೆಂದು ಹಬೆ ಎದ್ದಿತು. ರಸ್ತೆ ಬದಿಗೆ ತಳ್ಳಿಸಿ, ಬಾನೆಟ್ ಎತ್ತಿ, ಮೇಷ್ಟ್ರು ನಿಂತುಕೊಂಡರು. ಲಾರಿಗಳು ಎಬ್ಬಿಸಿದ ಧೂಳಿನಲ್ಲಿ ಬಿಳಿ ಅಂಗಿ ಕೆಂಪಾಗುವುದನ್ನು ನೋಡುತ್ತ, ನೋಟ್‌ಬುಕ್ಕಿನ 'ನಾನು' ಎಂಬ ಸಾಲು ನೆನಪಾಗಿ ಕಿವಿ ಬಿಸಿಯಾಯಿತು.

ಮರುದಿನ ಕಾರನ್ನು ಹೊಸಪೇಟೆಯಲ್ಲಿ ರೇಡಿಯೇಟರ್ ರಿಪೇರಿ ಮಾಡುವ ಒಬ್ಬ ವಯಸ್ಸಾದ ಸಾಹೇಬರ ಹತ್ತಿರ ಒಯ್ದೆ. ಅವರು ನನ್ನ ನೋಟ್‌ಬುಕ್ಕಿನ ವರದಿ ಕೇಳುವ ತಾಳ್ಮೆ ತೋರಿಸಲಿಲ್ಲ. ಜಾಲರಿಯ ಹಿಂದಿನ ರೇಡಿಯೇಟರ್ ಬಿಚ್ಚಿ ತೆಗೆದು, ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದರು.

"ಇದರಾಗ ಸೂರ್ಯ ಕಾಣತಾನೇನು ನೋಡ್ರಿ ಸರ್."

ಕಾಣಲಿಲ್ಲ. ರೇಡಿಯೇಟರಿನ ಕೊಳವೆಗಳ ನಡುವೆ ತೆಳುವಾದ ತಗಡಿನ ಮಡಿಕೆಗಳಿರುತ್ತವೆ, ಅವುಗಳ ಸಂದಿಯಿಂದ ಗಾಳಿ ಹಾಯಬೇಕು. ಒಂದು ಸಂದಿಯೂ ತೆರೆದಿರಲಿಲ್ಲ. ಸಾಹೇಬರು ಮುರಿದ ಗರಗಸದ ತುಂಡಿನಿಂದ ಮೆಲ್ಲಗೆ ಕೆರೆದರು. ಕೆಂಪು ಚಕ್ಕೆಗಳು ಉದುರಿದವು. ಒಂದನ್ನು ನನ್ನ ಅಂಗೈಯಲ್ಲಿ ಹಾಕಿದರು. ಬೆರಳಿನಿಂದ ಒತ್ತಿದರೆ ಪುಡಿಯಾಗಲಿಲ್ಲ.

"ಗಾಡಿ ಯಾರು ತೊಳೀತಾರ್ರಿ?"

"ನಾನೇ."

"ದಿನಾ?"

"ದಿನಾ," ಅಂದೆ, ಇನ್ನೂ ಸ್ವಲ್ಪ ಹೆಮ್ಮೆಯಿಂದಲೇ.

"ಪೈಪು ಮುಂದಿಂದ ಹಿಡೀತೀರಿ?"

"ಮತ್ತ ಎಲ್ಲಿಂದ ಹಿಡೀಬೇಕು?"

ಅವರು ನಗಲಿಲ್ಲ. ಅವರ ಅಂಗಡಿಗೆ ನನ್ನಂಥವರು ದಿನಾ ಬರುತ್ತಿದ್ದರೆಂದು ಕಾಣುತ್ತದೆ. "ಇದು ಅದಿರಿನ ಧೂಳು ಸರ್. ಒಣಾ ಇದ್ದಾಗ ಹಿಂದಿಂದ ಗಾಳಿ ಊದಿದ್ರ ಹಾರಿ ಹೋಗತೈತಿ. ನೀವು ಮುಂದಿಂದ ನೀರು ಹೊಡದು ಒಳಗ ತುಂಬೀರಿ. ಆಮ್ಯಾಲ ಎಂಜಿನ್ ಬಿಸಿ ಮಾಡೀರಿ. ಹಸಿ ಮಣ್ಣಿಗೆ ಬಿಸಿ ಕೊಟ್ರ ಏನಾಗತೈತಿ? ಇಟ್ಟಂಗಿ. ಲಾರಿಯವ್ರು ಯಾರೂ ಗಾಡಿ ತೊಳಿಯಂಗಿಲ್ಲ, ಅವ್ರು ನನ್ನ ಕಡೆ ಬರಂಗೂ ಇಲ್ಲ. ಬರೋರೆಲ್ಲಾ ನಿಮ್ಮಂಥಾ ನೀಟ್ ಮಂದಿ."

ಖಾಲಿ ರಸ್ತೆಯಲ್ಲಿ ಕಾರು ಓಡುವಾಗ ಎದುರುಗಾಳಿಯ ಜೋರಿಗೆ ಅಲ್ಪಸ್ವಲ್ಪ ಗಾಳಿ ನುಸುಳುತ್ತಿತ್ತು, ಬಿಸಿಲಿನಲ್ಲಿ ನಿಂತರೆ ಅದೂ ಇಲ್ಲ. ನೀರು ಎಂಜಿನಿನ ಬಿಸಿಯನ್ನು ಹೊತ್ತು ತರುತ್ತದೆ, ಗಾಳಿ ಅದನ್ನು ಇಳಿಸಿಕೊಳ್ಳುತ್ತದೆ. ಹೈಸ್ಕೂಲಿನ ಪಾಠ. ನಾನು ನೀರನ್ನು ಮಾತ್ರ ಪರೀಕ್ಷಿಸಿದ್ದೆ.

ಸಾಹೇಬರು ಎಂಜಿನ್ನನ್ನೂ ಒಮ್ಮೆ ನೋಡಿ ತಲೆ ಅಲ್ಲಾಡಿಸಿದರು. "ಈ ರೇಡಿಯೇಟರ್ ಇಟ್ಕೊಂಡು ಸಂಡೂರ್ ಲೈನಿನ್ಯಾಗ ಎಷ್ಟು ದಿನ ಓಡೇತ್ರಿ ಇದು?"

"ಮೂರ್ನಾಲ್ಕು ತಿಂಗಳು. ದಿನಾ."

"ಇಷ್ಟು ಬಿಸಿಗೂ ಎಂಜಿನ್ ಹೆಡ್ ಬಾಗಿಲ್ಲ, ಗ್ಯಾಸ್ಕೆಟ್ ಸುಟ್ಟಿಲ್ಲ. ಓಡ್ಸಿದವರು ಭಾಳ ಶಾಣ್ಯಾ ಇರಬೇಕು. ಮುಳ್ಳು ಏರೋದ್ರಾಗ ಬಂದ್ ಮಾಡಿ, ಆರಿಸಿ, ಮತ್ತ ಚಾಲೂ ಮಾಡ್ಯಾರ. ಇಲ್ಲಾಂದ್ರ ಒಂದ ವಾರಕ್ಕ ಎಂಜಿನ್ ಖತಂ. ಯಾರ್ರಿ ಡ್ರೈವರ್?"

"ಈಗ ಅವರು ಓಡಿಸೂದಿಲ್ಲ."

"ಯಾಕ ಬಿಟ್ರಿ ಸರ್ ಅಂಥಾ ಡ್ರೈವರ್ನ?" ಎಂದು ಕೇಳಿ ಅವರು ಕೆಲಸಕ್ಕೆ ತಿರುಗಿದರು. ನನಗೆ ಉತ್ತರ ಕೊಡುವ ಕಷ್ಟ ತಪ್ಪಿತು.

ಇಷ್ಟರವರೆಗೆ ನಡೆದದ್ದು ಮೂರ್ಖತನ. ತಿಳಿಯದೆ ಮಾಡಿದ್ದು ಎನ್ನಬಹುದು. ಆ ಸಂಜೆ ಮನೆಯಲ್ಲಿ ನಡೆದದ್ದಕ್ಕೆ ಆ ನೆವವೂ ಇಲ್ಲ. ಅವಳು ಸೊಪ್ಪು ಸೋಸುತ್ತ ಕೂತಿದ್ದಳು. ಕಾರು ಸರಿಯಾಯಿತು ಅಂದೆ. "ಏನಾಗಿತ್ತಂತ?" ಎಂದು ಕೇಳಿದಳು. "ರೇಡಿಯೇಟರ್ ಹಳೇದಾಗಿತ್ತು," ಅಂದೆ. ಅವಳ ಕೈ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿ, "ಹಂಗಾದ್ರ ನನ್ನಿಂದ ಏನೂ ಆಗಿರಲಿಲ್ಲೇನ್ರಿ?" ಅಂದಳು.

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ. ಅದನ್ನು ಹೇಳಿದರೆ ಪೈಪಿನ ವಿಷಯ ಹೇಳಬೇಕು, ನೋಟ್‌ಬುಕ್ಕಿನ ವಿಷಯ ಹೇಳಬೇಕು, ಆ ಇಬ್ಬರ ಎದುರಿಗೆ ಆಡಿದ ಮಾತು ನುಂಗಬೇಕು. ನಾನು ಕಾಲು ತೊಳೆಯಲು ಬಚ್ಚಲಿನ ಕಡೆ ನಡೆಯುತ್ತ, "ಕ್ಲಚ್ಚಿಂದೂ ಸ್ವಲ್ಪ ಇರಬೇಕು," ಅಂದೆ. ಅವಳು "ಹೌದೇನು" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಆಮೇಲೆ ಒಂದೆರಡು ಸಲ "ಈಗ ಗಾಡಿ ಮಸ್ತ್ ಅದ, ಬೇಕಾದ್ರ ತಗೊಂಡ್ಹೋಗು," ಎಂದು ಉದಾರವಾಗಿ ಹೇಳಿದೆ. "ಬ್ಯಾಡ ಬಿಡ್ರಿ," ಅಂದಳು. ವರ್ಷಗಳು ಹೋದವು. ಗಣಿಗಳು ನಿಂತವು, ಲಾರಿಗಳು ಊರ ಹೊರಗೆ ತುಕ್ಕು ಹಿಡಿಯುತ್ತ ನಿಂತವು, ಸಂಡೂರಿನ ರಸ್ತೆ ಖಾಲಿಯಾಯಿತು. ಆ ಖಾಲಿ ರಸ್ತೆಯಲ್ಲೂ ಅವಳು ಬಸ್ಸಿನಲ್ಲೇ ಹೋಗಿ ಬಂದಳು. ಜೊತೆಯ ಟೀಚರುಗಳಲ್ಲಿ ಒಬ್ಬರು ವರ್ಗವಾಗಿ ಬಳ್ಳಾರಿಗೆ ಹೋದರು. ಇನ್ನೊಬ್ಬರು ನಿವೃತ್ತರಾಗಿ, ಆಮೇಲೆ ಕಾಯಿಲೆ ಬಿದ್ದು ತೀರಿಕೊಂಡರು.

ಕಾರು ಮಾರುವ ದಿನ ಬಂತು. ಕೊಳ್ಳಲು ಬಂದವರು ಕಂಪ್ಲಿಯ ಕಡೆಯ ಒಬ್ಬ ರೈತರು, ನಗುಮುಖದ ಮನುಷ್ಯ. ಸುತ್ತ ತಿರುಗಿ ನೋಡಿ, ಟೈರಿಗೆ ಒದ್ದು, "ಬಿಸಿ ಗಿಸಿ ಆಗತೈತೇನ್ರಿ ಸರ್?" ಎಂದು ಕೇಳಿದರು. ಇಲ್ಲ ಅಂದೆ. "ಹೆಣ್ಮಕ್ಕಳೇನರ ಓಡ್ಸ್ಯಾರೇನ್ರಿ?" ಎಂದು ನಕ್ಕರು.

"ಇಲ್ಲ, ಇಲ್ಲ. ನಾನೊಬ್ಬನ," ಅಂದೆ. ಅಂದು ತಿರುಗಿದರೆ ಅವಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಏನೂ ಆಗದವಳಂತೆ ಬಂದು ಅವರಿಗೆ ಚಹಾ ಕೊಟ್ಟಳು.

ಕಾರು ಹೋದ ಮೇಲೆ ನಾನು ಒಳಗೆ ಹೋಗಿ ಅವಳ ಎದುರು ಕೂತೆ. ಎಲ್ಲ ಹೇಳಿದೆ. ಪೈಪು, ಜಾಲರಿ, ಬಿಸಿಲಿಗೆ ಹಿಡಿದರೂ ಬೆಳಕು ಹಾಯದ ರೇಡಿಯೇಟರು, ಸಾಹೇಬರು ಡ್ರೈವರನ್ನು ಹೊಗಳಿದ್ದು, ಆ ಸಂಜೆ ನಾನು ಹೇಳಿದ ಸುಳ್ಳು. ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ, ಎರಡಕ್ಕೂ ಸಿದ್ಧನಾಗಿದ್ದೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ನನಗ ಹೇಳಿದಂಗ ಬಳ್ಳಾರಿ ಟೀಚರಿಗೂ ಒಂದು ಮಾತು ಹೇಳಿಬಿಡ್ರಿ," ಅಂದಳು.

ಅವರ ಎದುರಿಗೆ ಅವಮಾನವಾಗಿತ್ತಲ್ಲ, ಅದಕ್ಕೆ ಹೀಗೆ ಕೇಳುತ್ತಾಳೆ ಎಂದು ನಾನು ತಿಳಿದೆ. ಆಗಲೂ ನನಗೆ ಅರ್ಥವಾಗಿರಲಿಲ್ಲ. ಅವಳ ಎದುರಿಗೇ ಫೋನ್ ಮಾಡಿ, ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದೆ.

"ಅಯ್ಯೋ ಸರ್," ಅಂದರು ಅವರು. "ಆ ವರ್ಷ ನೀವು ರೇಡಿಯೇಟರ್ ರಿಪೇರಿ ಮಾಡಿಸಿದ್ರಲ್ಲ, ಮರುದಿನ ಅಕ್ಕ ಸ್ಟಾಫ್ ರೂಮಿನ್ಯಾಗ ನಮ್ಮಿಬ್ಬರ ಮುಂದ ಬಂದು ನಿಂತ್ರು. 'ರಿಪೇರಿ ಮಾಡೂ ಕಡೆ ಕೇಳಿ ಬಂದಾರ, ತಪ್ಪು ನನ್ನ ಕಾಲಿಂದೂ ಇತ್ತಂತ. ಅಷ್ಟು ದಿನಾ ನಿಮ್ಮ ಜೀವಾ ಕೈಯಾಗ ಹಿಡಿಸಿ ಕೂಡಿಸಿದ್ದೆ, ತಪ್ಪಾತು,' ಅಂತ ಕೈ ಮುಗಿದು ಅತ್ರು. ನಾವು ಎಷ್ಟು ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಫೋನ್ ಇಟ್ಟೆ. "ಏನಂದ್ರು?" ಎಂದು ಕೇಳಿದಳು.

"ನೀ ಕೈ ಮುಗಿದದ್ದು ಹೇಳಿದ್ರು," ಅಂದೆ.

"ಹೌದು, ಮುಗಿದಿದ್ದೆ. ನೀವು ಮೇಷ್ಟ್ರು, ನೋಡಿ ತಿಳ್ಕೊಂಡ ಹೇಳಿರ್ತೀರಿ ಅಂತ ಅನ್ಕೊಂಡಿದ್ದೆ," ಅಂದಳು, ಮತ್ತು ತಣ್ಣಗಾದ ಚಹಾದ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು.